ಕಾಂಚನಬುರಿ: ಎರಾವನ್ ಜಲಪಾತ ಮತ್ತು ಮುವಾಂಗ್ ಸಿಂಗ್ ದೇಗುಲ ಒಂದೇ ದಿನದಲ್ಲಿ ಆಗುತ್ತಾ?

ಮಳೆಬಿಲ್ಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಥಾಯ್ಲೆಂಡಿಗೆ ಹೋಗುತ್ತಿದ್ದೇವೆ. ನಾನು, ನಮ್ಮನೆಯವರು, ಒಂಬತ್ತು ವರ್ಷದ ಮಗ ಮತ್ತು ನಮ್ಮತ್ತೆ. ಅತ್ತೆಗೆ ಅರವತ್ತೆಂಟು. ಸಮತಟ್ಟಾದ ಜಾಗದಲ್ಲಿ ಚೆನ್ನಾಗಿ ನಡೆಯುತ್ತಾರೆ, ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ನೋವು. ಮಾಲ್, ಬೀಚ್ ನಮಗೆ ಅಷ್ಟೇನೂ ಬೇಡ. ಮಗನಿಗೆ ನೀರಿನಲ್ಲಿ ಆಡಬೇಕು. ಅತ್ತೆಗೆ ಹಳೇ ದೇವಸ್ಥಾನ ನೋಡಬೇಕು. ಹಾಗಾಗಿ ಕಾಂಚನಬುರಿ ಅಂತ ಗೊತ್ತು ಮಾಡಿದ್ದೇವೆ.

ಒಂದು ಪ್ಯಾಕೇಜ್ ಸಿಕ್ಕಿದೆ. ಬೆಳಗ್ಗೆ ಆರಕ್ಕೆ ಬ್ಯಾಂಕಾಕಿನಿಂದ ಹೊರಟು ಎರಾವನ್ ಜಲಪಾತ, ಯುದ್ಧಕಾಲದ ರೈಲು ಸೇತುವೆ, ಸ್ವಲ್ಪ ದೂರ ರೈಲು ಪ್ರಯಾಣ, ಕೊನೆಗೆ ಪ್ರಾಸಾತ್ ಮುವಾಂಗ್ ಸಿಂಗ್. ರಾತ್ರಿ ಒಂಬತ್ತಕ್ಕೆ ವಾಪಸ್. ಇದು ನಿಜವಾಗಿ ಆಗುವ ಮಾತಾ? ಅತ್ತೆ ಎರಾವನ್‌ನಲ್ಲಿ ಎಷ್ಟು ಹಂತ ಹತ್ತಬಹುದು? ಮುವಾಂಗ್ ಸಿಂಗ್ ಬರೀ ಕಲ್ಲಿನ ರಾಶಿ, ಬಿಟ್ಟುಬಿಡಿ ಅಂತ ಪರಿಚಯದವರೊಬ್ಬರು ಹೇಳಿದರು. ಹೋಗಿ ಬಂದವರು ಹೇಳಿ. ನಾವು ಸಸ್ಯಾಹಾರಿಗಳು, ಊಟದ ಬಗ್ಗೆಯೂ ಒಂದು ಮಾತು ಹೇಳಿದರೆ ಉಪಕಾರ.

ಮುರಕಲ್ಲು ಉತ್ತರ:

ಆಗುವುದಿಲ್ಲ ಮೇಡಂ. ಆದರೂ ಅದು ಲೆಕ್ಕಕ್ಕೆ ಮಾತ್ರ ಆದ ಹಾಗೆ. ನಾನು ಕೆಲಸದ ಮೇಲೆ ಬ್ಯಾಂಕಾಕಿನಲ್ಲಿದ್ದೇನೆ, ರಜೆ ಸಿಕ್ಕಾಗಲೆಲ್ಲ ಕಾಂಚನಬುರಿಗೆ ಹೋಗುತ್ತೇನೆ. ಅಲ್ಲಿಗೆ ಬರುವವರಿಗೆ ನಾನು ಮೊದಲು ಹೇಳುವುದು ನದಿಗಳ ವಿಷಯ. ನಕಾಶೆ ತೆಗೆದು ನೋಡಿ. ಅಲ್ಲಿ ಎರಡು ನದಿಗಳಿವೆ. ಖ್ವೇ ಯಾಯ್ ಒಂದು, ಖ್ವೇ ನೊಯ್ ಇನ್ನೊಂದು. ಎರಡೂ ಬೇರೆ ಬೇರೆ ಕಣಿವೆಗಳಲ್ಲಿ ಹರಿದು ಬಂದು ಕಾಂಚನಬುರಿ ಪಟ್ಟಣದಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಅದರ ಹೆಸರು ಮೇ ಕ್ಲಾಂಗ್. ಎರಾವನ್ ಇರುವುದು ಖ್ವೇ ಯಾಯ್ ಕಡೆ. ಮುವಾಂಗ್ ಸಿಂಗ್, ರೈಲು ದಾರಿ, ಸಾಯ್ ಯೋಕ್ ಜಲಪಾತಗಳು ಎಲ್ಲ ಖ್ವೇ ನೊಯ್ ಕಡೆ. ನಡುವೆ ಗುಡ್ಡಸಾಲು. ಒಂದೇ ದಿನ ಎರಡೂ ಕಡೆ ಅಂದರೆ ದಿನದ ಮುಕ್ಕಾಲು ಪಾಲು ವ್ಯಾನಿನೊಳಗೇ ಕಳೆಯುತ್ತದೆ. ಎರಾವನ್‌ಗೆ ಪಟ್ಟಣದಿಂದ ಸುಮಾರು 65 ಕಿಲೋಮೀಟರ್. ಬ್ಯಾಂಕಾಕಿನಿಂದ ಪಟ್ಟಣಕ್ಕೇ ಸುಮಾರು 130. ಅತ್ತೆಯವರನ್ನು ಕೂರಿಸಿಕೊಂಡು ಇಷ್ಟು ಓಡಾಡಿಸಬೇಡಿ.

ಒಂದು ನದಿಗೆ ಒಂದು ದಿನ ಇಡಿ. ಎರಡು ರಾತ್ರಿ ಕಾಂಚನಬುರಿಯಲ್ಲೇ ಉಳಿಯಿರಿ. ಪ್ಯಾಕೇಜ್ ಬೇಡವೇ ಬೇಡ.

ಈಗ ಆ ಕಲ್ಲಿನ ರಾಶಿಯ ಮಾತು. ಇದನ್ನು ಓದಿ ನನಗೆ ನಿಜವಾಗಿ ಬೇಜಾರಾಯಿತು, ಯಾಕೆಂದರೆ ಆ ಜಾಗ ನನಗೆ ತುಂಬಾ ಇಷ್ಟ. ಮುವಾಂಗ್ ಸಿಂಗ್ ಕಟ್ಟಿರುವುದು ಮುರಕಲ್ಲಿನಲ್ಲಿ. ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಇಟ್ಟಿಗೆ ಹಾಗೆ ಕಡಿದುಕೊಳ್ಳಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದರೆ ಮೈತುಂಬಾ ತೂತು, ಹಾಗಾಗಿ ಅದರಲ್ಲಿ ನವಿರಾದ ಕೆತ್ತನೆ ಮಾಡಲು ಆಗುವುದಿಲ್ಲ. ಬುರಿರಾಮ್ ಪ್ರಾಂತದ ಫನೋಮ್ ರುಂಗ್ ದೇಗುಲದ ಫೋಟೋ ನೋಡಿ ಇಲ್ಲಿಗೆ ಬಂದವರಿಗೆ ನಿರಾಸೆ ಆಗುವುದು ಅದಕ್ಕೇ. ಅದು ಮರಳುಗಲ್ಲು, ಅಲ್ಲಿ ಒಂದೊಂದು ಬಾಗಿಲ ಮೇಲೂ ಶಿಲ್ಪ ತುಂಬಿದೆ. ಇಲ್ಲಿ ಶಿಲ್ಪ ಇದ್ದದ್ದು ಕಲ್ಲಿನ ಮೇಲಲ್ಲ, ಕಲ್ಲಿಗೆ ಬಳಿದ ಗಾರೆಯ ಮೇಲೆ. ಎಂಟುನೂರು ವರ್ಷದ ಮಳೆಗೆ ಗಾರೆ ಉದುರಿಹೋಗಿದೆ. ಉಳಿದ ತುಣುಕುಗಳನ್ನು ಆವರಣದಲ್ಲೇ ಒಂದು ಸಣ್ಣ ಕಟ್ಟಡದಲ್ಲಿ ಇಟ್ಟಿದ್ದಾರೆ. ಮೊದಲು ಅಲ್ಲಿಗೆ ಹೋಗಿ ಆ ಗಾರೆಯ ಮುಖಗಳನ್ನು ನೋಡಿ. ಆಮೇಲೆ ಗೋಡೆ ನೋಡಿ. ಅದೇ ಗೋಡೆ ಬೇರೆ ಥರ ಕಾಣುತ್ತದೆ.

ಕಟ್ಟಿಸಿದ ಕಾಲ ಖ್ಮೇರ್, ಅಂದರೆ ಈಗಿನ ಕಾಂಬೋಡಿಯಾ ಕಡೆಯ, ದೊರೆ ಏಳನೇ ಜಯವರ್ಮನ್‌ನದು ಅಂತ ಹೇಳುತ್ತಾರೆ. ಅವನು ಪಟ್ಟಕ್ಕೆ ಬಂದದ್ದು 1181ರಲ್ಲಿ. ಅಂಗ್ಕೋರ್‌ನ ಪ್ರೇಹ ಖಾನ್ ದೇಗುಲದಲ್ಲಿ 1191ರ ಒಂದು ಶಾಸನ ಇದೆ. ದೊರೆ ಜಯಬುದ್ಧಮಹಾನಾಥ ಎಂಬ ಮೂರ್ತಿಗಳನ್ನು 23 ಊರುಗಳಿಗೆ ಕಳಿಸಿದ ಅಂತ ಅದರಲ್ಲಿದೆ. ಆ ಪಟ್ಟಿಯಲ್ಲಿ ಶ್ರೀಜಯಸಿಂಹಪುರಿ ಅಂತ ಒಂದು ಹೆಸರು. ಅದು ಇದೇ ಊರು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅಂಗ್ಕೋರ್ ಎಲ್ಲಿ, ಈಗಿನ ಬರ್ಮಾ ಗಡಿಯ ಹತ್ತಿರದ ಈ ನದಿಯ ತಿರುವು ಎಲ್ಲಿ? ಆ ರಾಜ್ಯದ ಪಶ್ಚಿಮದ ಕೊನೆಯಲ್ಲಿ ನಿಂತಿದ್ದೀರಿ ಅಂತ ತಿಳಿದುಕೊಂಡು ಆ ಗೋಡೆ ಮುಟ್ಟಬೇಕು.

ಅತ್ತೆಯವರಿಗೆ ಒಂದು ಮಾತು ಮೊದಲೇ ಹೇಳಿರಿ. ಖ್ಮೇರ್ ದೇಗುಲ ಅಂದ ಕೂಡಲೇ ನಮ್ಮವರು ಶಿವಲಿಂಗ ಹುಡುಕುತ್ತಾರೆ. ಇದು ಮಹಾಯಾನ ಬೌದ್ಧರ ಸ್ಥಳ. ಗರ್ಭಗುಡಿಯಲ್ಲಿರುವುದು ಅವಲೋಕಿತೇಶ್ವರ, ಬೌದ್ಧರ ಕರುಣೆಯ ಬೋಧಿಸತ್ವ. ಎಂಟು ಕೈ, ಎದೆಯ ತುಂಬ ಸಾಲುಸಾಲಾಗಿ ಪುಟಾಣಿ ಬುದ್ಧರು. ಈಗ ಅಲ್ಲಿ ನಿಂತಿರುವುದು ಪ್ರತಿ. ಮೂಲ ಮೂರ್ತಿ ಬ್ಯಾಂಕಾಕಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ವಾಪಸ್ ಬಂದ ಮೇಲೆ ಅರ್ಧ ದಿನ ಸಿಕ್ಕರೆ ಅದನ್ನೂ ತೋರಿಸಿ. ಬೌದ್ಧರ ಜ್ಞಾನದೇವಿ ಪ್ರಜ್ಞಾಪಾರಮಿತೆಯ ಮೂರ್ತಿಯೂ ಮುವಾಂಗ್ ಸಿಂಗ್‌ನಲ್ಲೇ ಸಿಕ್ಕಿದ್ದು.

ಮೆಟ್ಟಿಲಿನ ಭಯ ಬೇಡ. ಆವರಣ ದೊಡ್ಡದು, ಆದರೆ ಸಮತಟ್ಟು. ಹುಲ್ಲು ಹಾಸಿದೆ, ನೆರಳಿದೆ. ಮುಖ್ಯ ದೇಗುಲದ ಜಗುಲಿ ಏರಲು ಕೆಲವು ಮೆಟ್ಟಿಲುಗಳಿವೆ, ಅಲ್ಲಿ ಕೈ ಹಿಡಿದುಕೊಂಡರೆ ಸಾಕು. ಕಡೇಪಕ್ಷ ಎರಡು ಗಂಟೆ ಕೊಡಿ. ಮಧ್ಯದ ದೇಗುಲ ನೋಡಿ ಓಡಿಬರಬೇಡಿ. ದಕ್ಷಿಣದ ಗೋಡೆಯವರೆಗೆ ಹೋಗಿ. ಉಳಿದ ಮೂರು ಗೋಡೆಗಳು ನೇರವಾಗಿವೆ. ಇದೊಂದು ಮಾತ್ರ ನದಿ ತಿರುಗಿದ ಹಾಗೆ ತಿರುಗುತ್ತದೆ. ಕಟ್ಟಿದವರು ನೀರಿಗೆ ದಾರಿ ಬಿಟ್ಟು ಗೋಡೆ ಬಗ್ಗಿಸಿದ್ದಾರೆ ಅನ್ನುವುದು ಅಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ.

ನೀರ್ಹಕ್ಕಿ ಉತ್ತರ:

ಎರಾವನ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಅಮ್ಮನೂ ಜೊತೆಗಿದ್ದರು, ಅವರಿಗೂ ಮಂಡಿ ನೋವು.

ಒಟ್ಟು ಏಳು ಹಂತ. ಮೊದಲ ಎರಡಕ್ಕೆ ದಾರಿ ಸಲೀಸು. ಮೂರನೆಯದಕ್ಕೂ ನಿಧಾನವಾಗಿ ಹೋಗಬಹುದು. ನಾಲ್ಕರಿಂದ ಏರು ಜಾಸ್ತಿ, ಐದರ ಮೇಲೆ ಮರದ ಮೆಟ್ಟಿಲು, ಬೇರು, ಒದ್ದೆ ಕಲ್ಲು. ಅತ್ತೆಯವರು ಎರಡನೇ ಹಂತದಲ್ಲಿ ಕೂತರೆ ಸಾಕು. ಅಲ್ಲಿ ಅಗಲವಾದ ಕೊಳ ಇದೆ, ನೀರು ಪರದೆಯ ಥರ ಬೀಳುತ್ತದೆ. ನನ್ನ ಪ್ರಕಾರ ಏಳರಲ್ಲೂ ಕೂತು ನೋಡಲು ಅದೇ ಚಂದ. ವಯಸ್ಸಾದವರಿಗೆ ಪ್ರವೇಶದ ಹತ್ತಿರದಿಂದ ಬ್ಯಾಟರಿ ಗಾಡಿ ಇರುತ್ತದೆ, ಕೇಳಿ ನೋಡಿ.

ನಿಮ್ಮ ಮಗನಿಗೆ ನಾಲ್ಕನೇ ಹಂತ ತೋರಿಸಿ. ಅಲ್ಲಿ ಬಂಡೆ ನುಣ್ಣಗೆ ಗುಂಡಗಿದೆ, ಮಕ್ಕಳು ಜಾರುಬಂಡೆ ಆಡುತ್ತಾರೆ. ಕೊಳಕ್ಕೆ ಇಳಿಯಲು ಲೈಫ್ ಜಾಕೆಟ್ ಹಾಕಲೇಬೇಕು, ಬಾಡಿಗೆಗೆ ಸಿಗುತ್ತದೆ. ಮೀನುಗಳ ವಿಷಯ ಮೊದಲೇ ಹೇಳಿರಿ, ಇಲ್ಲದಿದ್ದರೆ ಹೆದರುತ್ತಾನೆ. ಕಾಲಿಟ್ಟು ಸುಮ್ನೆ ನಿಂತರೆ ಬಂದು ಚರ್ಮ ಕಚ್ಚುತ್ತವೆ. ನೋವಾಗುವುದಿಲ್ಲ, ಕಚಗುಳಿ. ಕೆಲವು ಮೀನು ಮೊಣಕೈಯುದ್ದ ಇರುತ್ತವೆ! ಕಾಲು ಆಡಿಸುತ್ತಿದ್ದರೆ ಹತ್ತಿರ ಬರುವುದಿಲ್ಲ.

ಎರಡನೇ ಹಂತದಿಂದ ಮೇಲೆ ತಿಂಡಿ ಒಯ್ಯುವಂತಿಲ್ಲ. ನೀರಿನ ಬಾಟಲಿಗೆ 20 ಬಾತ್ ಠೇವಣಿ ಕಟ್ಟಿಸಿಕೊಳ್ಳುತ್ತಾರೆ, ಖಾಲಿ ಬಾಟಲಿ ತಂದು ತೋರಿಸಿದರೆ ವಾಪಸ್. ಈ ನಿಯಮ ನನಗೆ ಬಹಳ ಇಷ್ಟವಾಯಿತು. ಮೇಲೆ ಎಲ್ಲೂ ಒಂದು ಪೊಟ್ಟಣ ಬಿದ್ದಿರಲಿಲ್ಲ. ಕೋತಿಗಳಿವೆ, ಚೀಲದ ಜಿಪ್ ಹಾಕಿಡಿ. ವಿದೇಶಿಯರಿಗೆ ಪ್ರವೇಶ ದೊಡ್ಡವರಿಗೆ 300 ಬಾತ್, ಮಕ್ಕಳಿಗೆ 200. ನಾವು ಹೋದಾಗ ಇಷ್ಟಿತ್ತು.

ಬೆಳಗ್ಗೆ ಎಂಟರ ಬಸ್ಸಿಗೇ ಹೊರಡಿ. ಕಾಂಚನಬುರಿ ಬಸ್ ನಿಲ್ದಾಣದಲ್ಲಿ 8170 ಸಂಖ್ಯೆಯ ಬಸ್, ಸುಮಾರು ಒಂದೂವರೆ ಗಂಟೆ ದಾರಿ. ಮಧ್ಯಾಹ್ನ ಕಳೆದ ಮೇಲೆ ಮೇಲಿನ ಹಂತಗಳಿಂದ ಜನರನ್ನು ಕೆಳಗೆ ಕಳಿಸಲು ಶುರು ಮಾಡುತ್ತಾರೆ. ಬೆಳಗ್ಗೆ ಬಸ್ಸಿನಿಂದ ಇಳಿಯುವಾಗಲೇ ವಾಪಸ್ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕೇಳಿಕೊಳ್ಳಿ.

ಮುರಕಲ್ಲು ಉತ್ತರ:

ನೀರ್ಹಕ್ಕಿಯವರು ಎಲ್ಲ ಸರಿಯಾಗಿ ಹೇಳಿದ್ದಾರೆ. ನಾನು ಒಂದು ವಿಷಯ ಸೇರಿಸುತ್ತೇನೆ, ಇದನ್ನು ಮಗನಿಗೆ ಹೇಳಿಕೊಡಿ. ಆ ಕೊಳಗಳ ಅಂಚು ಬರೀ ಬಂಡೆಯಲ್ಲ. ಅದನ್ನು ನೀರೇ ಕಟ್ಟಿದ್ದು, ಈಗಲೂ ಕಟ್ಟುತ್ತಲೇ ಇದೆ. ಅಲ್ಲಿ ಇಡೀ ಬೆಟ್ಟ ಸುಣ್ಣಕಲ್ಲು. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಎತ್ತರದಿಂದ ಬಿದ್ದು ಚದುರಿದಾಗ ಆ ಅನಿಲ ಹೊರಗೆ ಹೋಗುತ್ತದೆ. ಆಗ ಸುಣ್ಣ ನೀರಲ್ಲಿ ಉಳಿಯಲಾರದೆ ಎಲೆ, ಕಡ್ಡಿ, ಪಾಚಿ ಏನು ಸಿಕ್ಕಿದರೆ ಅದರ ಮೇಲೆ ಕೂರುತ್ತದೆ. ಹಾಗೆ ಒಂದೊಂದೇ ಪದರ ಬೆಳೆದು ಅಂಚಾಗಿ, ಅಂಚು ಕೊಳವಾಗಿದೆ. ನೀರಿಗೆ ಆ ತಿಳಿ ಹಸಿರುನೀಲಿ ಬಣ್ಣ ಬರುವುದೂ ಈ ಸುಣ್ಣದಿಂದಲೇ. ಹಾಗಾಗಿ ಅಂಚಿನ ಮೇಲೆ ಹತ್ತಿ ಹಾರುವುದು, ಚೂರು ಮುರಿದು ಜೇಬಿಗೆ ಹಾಕಿಕೊಳ್ಳುವುದು ಬೇಡ. ಮುರಿದದ್ದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು. ದೇಗುಲದ ಗಾರೆಯೂ ಸುಣ್ಣ, ಇದೂ ಸುಣ್ಣ. ಎರಡನ್ನೂ ನಾನು ಒಂದೇ ಗೌರವದಿಂದ ನೋಡುತ್ತೇನೆ.

ಹೆಸರು ನಮ್ಮ ಐರಾವತದ್ದೇ. ಥಾಯ್ ಜನರ ಎರಾವನ್‌ಗೆ ಮೂರು ತಲೆ. ಏಳನೇ ಹಂತದ ಬಂಡೆ ಆ ಮೂರು ತಲೆಯ ಆನೆಯ ಹಾಗೆ ಕಾಣುತ್ತದೆ ಅಂತ ಆ ಹೆಸರು. 1975ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ನಿಮ್ಮವರು, ಮಗ ಇಬ್ಬರೇ ಏಳರವರೆಗೆ ಹೋಗಿಬರಲಿ, ನೀವು ಅತ್ತೆಯ ಜೊತೆ ಎರಡರಲ್ಲಿ ಕೂರಿ. ಇಲ್ಲವೇ ಸರದಿ ಮಾಡಿಕೊಳ್ಳಿ.

ಬಾಡಿಗೆ ಕಾರು ಮಾಡಿಕೊಳ್ಳುವುದಾದರೆ ಇನ್ನೊಂದು ದಾರಿ ಇದೆ. ಅದೇ ಖ್ವೇ ಯಾಯ್ ಕಣಿವೆಯಲ್ಲಿ, ಶ್ರೀನಕರಿನ್ ಅಣೆಕಟ್ಟು ದಾಟಿ ಮುಂದೆ ಹೋದರೆ ಹುವಾಯ್ ಮೇ ಖಮಿನ್ ಜಲಪಾತ. ಅದಕ್ಕೂ ಏಳು ಹಂತ. ಅಲ್ಲಿನ ಅನುಕೂಲ ಏನೆಂದರೆ ಕಾರು ನಿಲ್ಲಿಸುವ ಜಾಗ ನಾಲ್ಕನೇ ಹಂತದ ಪಕ್ಕದಲ್ಲೇ ಇದೆ. ಮಂಡಿ ನೋವಿರುವವರು ಕಾರಿಂದ ಇಳಿದು ಸ್ವಲ್ಪ ನಡೆದರೆ ಎದುರಿಗೇ ಜಲಪಾತ. ಜನವೂ ಕಡಿಮೆ. ಆದರೆ ಬಸ್ಸಿಲ್ಲ, ದಾರಿ ಅಂಕುಡೊಂಕು. ಕಾರಿನಲ್ಲಿ ವಾಂತಿ ಬರುವವರಿದ್ದರೆ ಎರಾವನ್‌ನಲ್ಲೇ ಉಳಿಯಿರಿ.

ಹಳಿಪಕ್ಕ ಉತ್ತರ:

ಮುವಾಂಗ್ ಸಿಂಗ್‌ಗೆ ದಯವಿಟ್ಟು ರೈಲಿನಲ್ಲಿ ಹೋಗಿ. ತಾ ಕಿಲೆನ್ ನಿಲ್ದಾಣದಲ್ಲಿ ಇಳಿದರೆ ದೇಗುಲದ ಆವರಣಕ್ಕೆ ಒಂದೂವರೆ ಕಿಲೋಮೀಟರಿನೊಳಗೇ. ಅತ್ತೆಗೆ ಅಷ್ಟು ನಡೆಯುವುದು ಕಷ್ಟವಾದರೆ ನೀವು ಉಳಿಯುವ ಕಡೆಯವರಿಗೆ ಹೇಳಿ ಅಲ್ಲಿಗೊಂದು ಗಾಡಿ ಮಾಡಿಸಿಕೊಳ್ಳಿ. ಹಳ್ಳಿಯ ನಿಲ್ದಾಣ ಅದು. ಇಳಿದ ಕೂಡಲೇ ಆಟೋ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಈ ಹಳಿಯಲ್ಲಿ ದಿನಕ್ಕೆ ಮೂರೇ ರೈಲು ಹೋಗುತ್ತವೆ, ಮೂರೇ ಬರುತ್ತವೆ. ಕಾಂಚನಬುರಿಯಿಂದ ಬೆಳಗ್ಗೆ ಹತ್ತೂವರೆ ಸುಮಾರಿಗೆ ಒಂದು ಬಿಡುತ್ತದೆ. ಅದರಲ್ಲಿ ಹೋದರೆ ಹನ್ನೊಂದೂವರೆ ಹೊತ್ತಿಗೆ ತಾ ಕಿಲೆನ್. ದೇಗುಲ ನೋಡಿ ಮಧ್ಯಾಹ್ನದ್ದು ಅಥವಾ ಸಂಜೆಯದ್ದು ಹಿಡಿದು ವಾಪಸ್ ಬರಬಹುದು. ಹಿಂದಿನ ದಿನವೇ ನಿಲ್ದಾಣದ ಹಲಗೆಯ ಮೇಲಿನ ಸಮಯ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿಗೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ. ವಿದೇಶಿಯರಿಗೆ ಟಿಕೆಟ್ 100 ಬಾತ್. ಎಸಿ ಇಲ್ಲ, ಕಿಟಕಿ ತೆರೆದಿರುತ್ತದೆ, ಎದುರು ಗಾಳಿಯೇ ಸುಖ.

ತಾ ಕಿಲೆನ್ ಆದ ಮೇಲೆ ಮುಂದೆ ಥಾಮ್ ಕ್ರಾಸೇ ಎಂಬಲ್ಲಿ ಹಳಿ ಬಂಡೆಯ ಗೋಡೆಗೂ ನದಿಗೂ ನಡುವೆ ಮರದ ಕಂಬಗಳ ಮೇಲೆ ಹೋಗುತ್ತದೆ. ರೈಲು ಅಲ್ಲಿ ಮೆಲ್ಲಗೆ ತೆವಳುತ್ತದೆ. ಕೊನೆಯ ನಿಲ್ದಾಣ ನಾಮ್ ತೋಕ್. ಅದರ ಹತ್ತಿರ ಸಾಯ್ ಯೋಕ್ ನೊಯ್ ಜಲಪಾತ. ರಸ್ತೆ ಪಕ್ಕದಲ್ಲೇ ಇದೆ, ಹತ್ತುವ ಕೆಲಸವೇ ಇಲ್ಲ. ಡಿಸೆಂಬರಿನಲ್ಲಿ ನೀರು ಇಳಿದಿರುತ್ತದೆ, ಎರಾವನ್ ನೋಡಿದವರಿಗೆ ಸಣ್ಣದು ಅನ್ನಿಸಬಹುದು.

ಇದು ಯಾವ ಹಳಿ ಅಂತ ತಿಳಿದು ಕೂರಿ. 1942–43ರಲ್ಲಿ ಜಪಾನಿ ಸೈನ್ಯ ಬರ್ಮಾದವರೆಗೆ 415 ಕಿಲೋಮೀಟರ್ ಹಳಿಯನ್ನು ಒಂದು ವರ್ಷದ ಸುಮಾರಿಗೆ ಹಾಕಿಸಿತು. ಯುದ್ಧಕೈದಿಗಳೇ 12,000ಕ್ಕೂ ಹೆಚ್ಚು ಸತ್ತರು. ಏಷ್ಯಾದ ಕೂಲಿಗಳು ಅದರ ಎಷ್ಟೋ ಪಟ್ಟು. ಅವರಲ್ಲಿ ಮಲಯದ ರಬ್ಬರ್ ತೋಟಗಳಿಂದ ತಂದ ತಮಿಳರು ಬಹಳ. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಕೈದಿಗಳ ಸಮಾಧಿಗೆ ಸಾಲುಸಾಲಾಗಿ ಕಲ್ಲುಗಳಿವೆ, ಹುಲ್ಲು ಕತ್ತರಿಸಿ ಚೊಕ್ಕ ಇಟ್ಟಿದ್ದಾರೆ. ಈ ಕೂಲಿಗಳಿಗೆ ಹಾಗೆ ಒಬ್ಬೊಬ್ಬರ ಹೆಸರಿನ ಕಲ್ಲಿಲ್ಲ. ಸೇತುವೆ ಮೇಲೆ ಸೆಲ್ಫಿ ತೆಗೆಯುವವರನ್ನು ನೋಡಿದಾಗ ನನಗೆ ಅವರ ನೆನಪೇ ಬರುತ್ತದೆ.

ಮಳೆಬಿಲ್ಲು ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಹೇಳಿಬಿಟ್ಟೆವು. ಮೊದಲ ದಿನ ಎರಾವನ್, ಎರಡನೇ ದಿನ ರೈಲು ಮತ್ತು ಮುವಾಂಗ್ ಸಿಂಗ್. ಅವಲೋಕಿತೇಶ್ವರನ ವಿಷಯ ಅತ್ತೆಗೆ ಓದಿ ಹೇಳಿದೆ. ಬುದ್ಧನಾದರೇನು, ಕೈಮುಗಿದರೆ ಬೇಡ ಅಂತಾನಾ ಅಂದರು. ಎರಡು ಪ್ರಶ್ನೆ ಉಳಿದಿದೆ. ಊಟ ಹೇಗೆ? ಮತ್ತೆ ಮುವಾಂಗ್ ಸಿಂಗ್‌ನಲ್ಲಿ ಮಗನಿಗೆ ಬೇಜಾರಾಗದ ಹಾಗೆ ತೋರಿಸುವಂಥದ್ದು ಏನಾದರೂ ಇದೆಯಾ?

ನೀರ್ಹಕ್ಕಿ ಉತ್ತರ:

ಊಟಕ್ಕೆ "ಜೇ" ಅನ್ನುವ ಮಾತು ಕಲಿತುಕೊಳ್ಳಿ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಕಂಡರೆ ಅಲ್ಲಿ ಮಾಂಸ, ಮೊಟ್ಟೆ, ಮೀನಿನ ರಸ ಯಾವುದೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ, ಅತ್ತೆಯವರಿಗೆ ಅನುಕೂಲ. ಬೇರೆ ಕಡೆ ಬರೀ ತರಕಾರಿ ಹಾಕಿ ಅಂದರೆ ಸಾಲದು. "ಮಾಯ್ ಸಾಯ್ ನಾಮ್ ಪ್ಲಾ" ಅಂತಲೂ ಹೇಳಿ. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಮೀನಿನ ರಸ ಹಾಕಿ ಕೊಡುತ್ತಾರೆ, ಅವರಿಗೆ ಅದು ಉಪ್ಪಿದ್ದ ಹಾಗೆ. ಕಾಂಚನಬುರಿ ರೈಲು ನಿಲ್ದಾಣದ ಹತ್ತಿರ ಸಂಜೆ ಸಂತೆ ಕೂರುತ್ತದೆ. ಹಣ್ಣು, ಎಳನೀರು, ಸುಟ್ಟ ಬಾಳೆಹಣ್ಣು ಸಿಗುತ್ತದೆ. ಮುವಾಂಗ್ ಸಿಂಗ್ ದಿನಕ್ಕೆ ಬುತ್ತಿ ಕಟ್ಟಿಕೊಂಡೇ ಹೋಗಿ.

ಇನ್ನೊಂದು. 10ನೇ ತಾರೀಕು ಅಲ್ಲಿ ಸರ್ಕಾರಿ ರಜೆ, ಸಂವಿಧಾನ ದಿನ. ಅದಕ್ಕೆ ವಾರದ ಕೊನೆಯೂ ಸೇರಿದರೆ ಎರಾವನ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲವರೆಗೆ ಸೇತುವೆಯ ಹಬ್ಬವೂ ಇರುತ್ತದೆ, ಆಗ ರೂಮು ಸಿಗುವುದು ಕಷ್ಟ. ಈಗಲೇ ಬುಕ್ ಮಾಡಿ.

ಮುರಕಲ್ಲು ಉತ್ತರ:

ಮಗನಿಗೆ ತೋರಿಸಲು ಬೇಕಾದಷ್ಟಿದೆ. ದಕ್ಷಿಣದ ಗೋಡೆಯ ಆಚೆ, ನದಿ ಪಕ್ಕದಲ್ಲಿ, ಹಳೇ ಸಮಾಧಿಗಳ ಜಾಗ ಇದೆ. ಅಗೆದಾಗ ಅಸ್ಥಿಪಂಜರಗಳು ಸಿಕ್ಕಿದವು. ಪಕ್ಕದಲ್ಲಿ ಕಂಚಿನ ಪಾತ್ರೆ, ಮಣಿಗಳು. ಸುಮಾರು 2000 ವರ್ಷ ಹಿಂದಿನವು. ಅಂದರೆ ದೇಗುಲ ಕಟ್ಟುವ ಹೊತ್ತಿಗಾಗಲೇ ಆ ಜನ ಸತ್ತು ಸಾವಿರ ವರ್ಷ ದಾಟಿತ್ತು. ಒಂಬತ್ತು ವರ್ಷದವನಿಗೆ ಮೂರ್ತಿಗಿಂತ ಇದು ಜಾಸ್ತಿ ಇಷ್ಟವಾಗುತ್ತದೆ. ಹೆದರುವ ಸ್ವಭಾವದವನಾದರೆ ನೀವೇ ಮೊದಲು ಒಂದು ಸಲ ನೋಡಿ.

ಅಲ್ಲಿಗೆ ಹೋಗುವಾಗ ರೈಲಿನಲ್ಲಿ ಅವನಿಗೆ ಈ ಕಥೆ ಹೇಳಿ. ಹಳಿ ಹಾಕಲು ತಂದ ಡಚ್ ಕೈದಿಗಳಲ್ಲಿ ಫಾನ್ ಹೇಕರೆನ್ ಎಂಬ ಪುರಾತತ್ವಜ್ಞ ಇದ್ದ. ಇದೇ ಹಳಿಯ ಬಾನ್ ಕಾವ್ ಎಂಬ ಊರಿನ ಹತ್ತಿರ ಮಣ್ಣು ಅಗೆಯುವಾಗ ಅವನ ಕಣ್ಣಿಗೆ ಕಲ್ಲಿನ ಆಯುಧಗಳು ಬಿದ್ದವು. ಮೇಲೆ ಕಾವಲು, ಹೊಟ್ಟೆಗಿಲ್ಲ, ಸುತ್ತ ರೋಗ. ಆ ಸ್ಥಿತಿಯಲ್ಲೂ ಅವನ್ನು ಗುರುತಿಸಿ ಎತ್ತಿಟ್ಟುಕೊಂಡ. ಯುದ್ಧ ಮುಗಿದ ಮೇಲೆ ಅವು ಹೊರಗೆ ಬಂದವು. 1960ರ ದಶಕದ ಮೊದಲಲ್ಲಿ ಥಾಯ್ ಮತ್ತು ಡೆನ್ಮಾರ್ಕಿನ ತಂಡ ಅಲ್ಲಿ ಅಗೆಯಿತು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಹೊಸ ಶಿಲಾಯುಗದ ಜನರ ಗೋರಿಗಳು, ಮಡಕೆಗಳು ಸಿಕ್ಕಿದವು. ಮೂರು ಕಾಲಿನ ಒಂದು ಬಗೆಯ ಮಡಕೆ ಅಲ್ಲಿಯದೇ ಗುರುತು. ಬಾನ್ ಕಾವ್‌ನಲ್ಲಿ ಸಂಗ್ರಹಾಲಯ ಇದೆ, ಮುವಾಂಗ್ ಸಿಂಗ್‌ನಿಂದ ದೂರವಲ್ಲ. ಗಾಡಿ ಮಾಡಿಕೊಂಡಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಸೋಮವಾರ, ಮಂಗಳವಾರ ಅಲ್ಲಿನ ಸರ್ಕಾರಿ ಸಂಗ್ರಹಾಲಯಗಳಿಗೆ ರಜೆ ಇರುವುದು ಸಾಮಾನ್ಯ, ಅದನ್ನು ನೋಡಿಕೊಂಡು ಎರಡನೇ ದಿನ ಯಾವ ವಾರ ಅಂತ ಗೊತ್ತು ಮಾಡಿ.

ಬಿಸಿಲು ಡಿಸೆಂಬರಿನಲ್ಲೂ ಮಧ್ಯಾಹ್ನ ಚುರುಗುಟ್ಟುತ್ತದೆ. ಅತ್ತೆಯವರಿಗೆ ಒಂದು ಕೊಡೆ ಇಟ್ಟುಕೊಳ್ಳಿ. ಎರಾವನ್‌ಗೆ ಹಿಡಿತ ಇರುವ ಚಪ್ಪಲಿ ಬೇಕು, ಹವಾಯಿ ಬೇಡ. ಹೋಗಿ ಬಂದ ಮೇಲೆ ಅತ್ತೆಯವರು ಮುವಾಂಗ್ ಸಿಂಗ್ ಬಗ್ಗೆ ಏನಂದರು ಅಂತ ಇಲ್ಲಿ ಖಂಡಿತ ಬರೆಯಿರಿ.